ಕಾಲು ನೋಡುವ ಡಾಕ್ಟ್ರಮ್ಮ

ಅವರ ಕೋಣೆಗೆ ಬಂದವರು ಯಾವ ಕಾಯಿಲೆಯವರೇ ಆಗಿರಲಿ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ಕೆಮ್ಮೆಂದು ಬಂದವರಿಗೂ, ಕಿವಿ ಸೋರುತ್ತದೆ ಎಂದು ಬಂದವರಿಗೂ, ಸ್ವಲ್ಪ ವಯಸ್ಸಾದವರಾಗಿದ್ದರೆ ಅವರು ಮೊದಲು ಹೇಳುತ್ತಿದ್ದ ಮಾತು ಒಂದೇ: "ಕಾಲು ಮುಂದೆ ಇಡಿ, ನೋಡ್ತೀನಿ." ಹೊಸನಗರದ ಆಸುಪಾಸಿನ ಹಳ್ಳಿಗಳಲ್ಲಿ ಯಾರೂ ಅವರನ್ನು ಹೆಸರಿನಿಂದ ಗುರುತಿಸುತ್ತಿರಲಿಲ್ಲ. ಕಾಲು ನೋಡೋ ಡಾಕ್ಟ್ರಮ್ಮ ಎಂದರೆ ಆಟೋದವರೂ ನೇರ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ತಂದು ಬಿಡುತ್ತಿದ್ದರು. ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಹೆಸರು ಎತ್ತಿ ಆಡುವುದು ಅವರಿಗೆ ಸೇರುತ್ತಿರಲಿಲ್ಲ. ಎಲ್ಲಾದರೂ ಸನ್ಮಾನ ಎಂದು ಸುದ್ದಿ ಬಂದರೆ ಆ ದಿನಕ್ಕೆ ರಜೆ ಹಾಕಿ ಮಾಯವಾಗುತ್ತಿದ್ದರು.

ನಾನು ಡಾಕ್ಟರ್ ಓದು ಮುಗಿಸಿ ಮೊದಲ ಕೆಲಸಕ್ಕೆಂದು ಹೊಸನಗರಕ್ಕೆ ಬಂದಾಗ ಅವರು ಅಲ್ಲಿಯ ಹಿರಿಯ ವೈದ್ಯೆ, ನಮಗೆಲ್ಲ ಮೇಡಂ. ಗಿಡ್ಡ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿದ ಸಣ್ಣ ತುರುಬು, ಗಂಡಸರು ಹಾಕುವಂಥ ಕಪ್ಪು ಚಪ್ಪಲಿ. ಬಿಳಿ ಕೋಟಿನ ಗುಂಡಿ ಹಾಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಣೆಕಟ್ಟಿನ ಹಿನ್ನೀರಿನ ಆಚೆ, ದ್ವೀಪದಂತಾಗಿದ್ದ ತುಮರಿ ಕಡೆಯ ರೈತರ ಮನೆಯಲ್ಲಿ ಹುಟ್ಟಿದವರು. ತಾತನ ಕಾಲಕ್ಕೆ ಗೇಣಿ ಮಾಡುತ್ತಿದ್ದ ಕುಟುಂಬ, ಅಪ್ಪನ ಕಾಲಕ್ಕೆ ಗದ್ದೆ ಸ್ವಂತದ್ದಾಗಿತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಪುರುಸೊತ್ತಾಗಲಿಲ್ಲ ಎಂದು ಹೇಳಿ ಮುಂದಿನ ರೋಗಿಯನ್ನು ಕರೆಯುತ್ತಿದ್ದರು. ಕೀವು ಸೋರುವ ಹುಣ್ಣನ್ನು ಮೂಗು ಮುಚ್ಚಿಕೊಳ್ಳದೆ ತೊಳೆಯುತ್ತಿದ್ದ ಈ ಹೆಂಗಸಿಗೆ ರಕ್ತ ಹೀರುವ ಇಂಬಳ ಕಂಡರೆ ಪ್ರಾಣಭಯ. ಮಳೆಗಾಲದಲ್ಲಿ ಆಸ್ಪತ್ರೆಯ ಹಿಂದಿನ ಹುಲ್ಲಿನ ದಾರಿಯಲ್ಲಿ ಒಂದು ಇಂಬಳ ಚಪ್ಪಲಿಗೆ ಹತ್ತಿದರೆ ಸಾಕು, ನರ್ಸುಗಳೆಲ್ಲ ಓಡಿ ಬರಬೇಕಾಗುತ್ತಿತ್ತು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ಹೀಗಾ ಎಂದರೆ, "ಹುಲಿಗೆ ಹೆದರಲ್ಲ ಮಾರಾಯ್ತಿ, ಹುಲಿ ಕಾಲಿಗೆ ಅಂಟ್ಕೊಳಲ್ಲ" ಎನ್ನುತ್ತಿದ್ದರು.

ಅವರು ಕಾಲು ನೋಡುವ ಕ್ರಮವೇ ಬೇರೆ. ರೋಗಿಯನ್ನು ಕುರ್ಚಿಯ ಮೇಲೆ ಕೂರಿಸಿ ತಾವು ಒಂದು ಕುಳ್ಳ ಮಣೆಯ ಮೇಲೆ ಕೂರುತ್ತಿದ್ದರು. ಮೊದಲು ಎರಡೂ ಕಾಲನ್ನು ಜೊತೆಗಿಟ್ಟು ಸುಮ್ಮನೆ ನೋಡುವುದು. ಆಮೇಲೆ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ನಮ್ಮಂಥವರು ಮುಟ್ಟಿದಂತೆ ಮಾಡಿ ಬೆರಳೆತ್ತುವ ಹೊತ್ತಿಗೆ ಅವರಿನ್ನೂ ಒತ್ತುತ್ತಲೇ ಇರುತ್ತಿದ್ದರು. ಬೆರಳು ಎತ್ತಿದ ಮೇಲೆ ಅಲ್ಲಿ ಗುಳಿ ಬಿದ್ದಿದೆಯೋ, ಬಿದ್ದ ಗುಳಿ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೋ ನೋಡುತ್ತಿದ್ದರು. ಬಾವು ಒಂದೇ ಕಾಲಿಗೋ ಎರಡಕ್ಕೂ ಇದೆಯೋ, ಈಚೆಗೆ ಶುರುವಾದದ್ದೋ ಹಳೆಯದೋ, ಬೆಳಿಗ್ಗೆ ಏಳುವಾಗ ಇಳಿದಿರುತ್ತದೋ ಹಾಗೇ ಇರುತ್ತದೋ ಎಂದು ಕೇಳುತ್ತಿದ್ದರು. ಮಲಗಿದರೆ ದಮ್ಮು ಕಟ್ಟುತ್ತದೋ ಎಂದು ವಿಚಾರಿಸಿ ಕುತ್ತಿಗೆಯ ನರ ನೋಡುತ್ತಿದ್ದರು. ಹೃದಯ ಸೋತರೂ ಕಾಲು ಊದುತ್ತದೆ, ಮೂತ್ರಪಿಂಡ ಕೆಟ್ಟರೂ ಊದುತ್ತದೆ, ಇಡೀ ದಿನ ಕಾಲು ಇಳಿಬಿಟ್ಟು ಕೂತರೂ ಊದುತ್ತದೆ. ಅವರ ಪ್ರಕಾರ ಕಾಲು ಬಾತಿದೆ ಎನ್ನುವುದು ಕಾಯಿಲೆಯ ಹೆಸರಲ್ಲ, ಕಾಯಿಲೆ ಬಂದು ಬಾಗಿಲು ತಟ್ಟಿದ ಸದ್ದು. ಒಳಗೆ ಕರೆದು ಯಾರು, ಎಲ್ಲಿಂದ ಬಂದದ್ದು ಎಂದು ಕೇಳದೆ ನೀರಿಳಿಯುವ ಮಾತ್ರೆ ಬರೆದು ಕಳಿಸುವ ವೈದ್ಯರನ್ನು ಕಂಡರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಒಮ್ಮೆ ಇಕ್ಕೇರಿ ಕಡೆಯಿಂದ ಒಬ್ಬ ಹಿರಿಯರು ಬಂದರು. ಅಡಿಕೆ ತೋಟದವರು, ಗಟ್ಟಿ ಆಳು. ಮಗಳ ಮನೆಗೆ ಹೊಸನಗರಕ್ಕೆ ಬಂದವರು ಅವಳ ಒತ್ತಾಯಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು. "ಎಂತೂ ಇಲ್ಲೆ, ಕಾಲು ಸ್ವಲ್ಪ ದಪ್ಪ ಆಯ್ದು, ಅಷ್ಟೇ" ಎಂದು ತಮ್ಮ ಮನೆಮಾತಿನಲ್ಲೇ ಹೇಳಿ ಪಂಚೆಯನ್ನು ಇನ್ನೂ ಕೆಳಗೆಳೆದುಕೊಂಡರು. ಎರಡೂ ಪಾದದ ಗಂಟು ಕಾಣದಷ್ಟು ಊದಿತ್ತು. ಬೇರೊಂದು ಕಡೆ ಆಗಲೇ ನೀರಿಳಿಯುವ ಮಾತ್ರೆ ಕೊಟ್ಟಿದ್ದರು. ಅದನ್ನು ನುಂಗಿ ತಲೆ ತಿರುಗಿ ಬಚ್ಚಲಲ್ಲಿ ಬಿದ್ದೂ ಆಗಿತ್ತು. ಮೇಡಂ ಎದೆ, ಕುತ್ತಿಗೆ, ಹೊಟ್ಟೆ ಎಲ್ಲ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಕಡೆಗೆ ಮನೆಯಲ್ಲಿ ನುಂಗುವ ಮಾತ್ರೆಗಳನ್ನೆಲ್ಲ ತರಿಸಿದರು. ಬಿಪಿಗೆ ಕೊಡುತ್ತಿದ್ದ ಒಂದು ಮಾತ್ರೆಯನ್ನು ಈಚೆಗೆ ಯಾರೋ ಇಮ್ಮಡಿ ಮಾಡಿದ್ದರು. ಬಾವು ಅದರದ್ದು. ಮೇಡಂ ಆ ಮಾತ್ರೆ ಬದಲಿಸಿದರು, ನೀರಿನ ಮಾತ್ರೆ ನಿಲ್ಲಿಸಿದರು. ಮುಂದಿನ ಸಲ ಅವರು ಬಂದಾಗ ಪಾದದ ಗಂಟು ಕಾಣುತ್ತಿತ್ತು. ಮೇಡಂ ಮುಖದಲ್ಲಿ ಹೆಮ್ಮೆ ಏನೂ ಇರಲಿಲ್ಲ. ಆದರೆ ಆ ಹಿರಿಯರು ಹೋದ ಮೇಲೆ ನನ್ನ ಕಡೆ ತಿರುಗಿ, ಮುದುಕರಿಗೆ ಹೊಸ ಕಾಯಿಲೆ ಬಂತು ಎನ್ನುವ ಮೊದಲು ಹಳೇ ಮಾತ್ರೆ ಯಾವುದು ಎಂದು ಕೇಳಬೇಕು ಎಂದರು.

ವಯಸ್ಸಾದವರಿಗೆ ಮೇಡಂ ಕಾಲು ಮುಟ್ಟುವುದು ಸುತರಾಂ ಇಷ್ಟವಾಗುತ್ತಿರಲಿಲ್ಲ. ಡಾಕ್ಟ್ರಮ್ಮ ನಮ್ಮ ಕಾಲು ಮುಟ್ಟುವುದೆಂದರೇನು, ಪಾಪ ಬರುತ್ತದೆ ಎಂದು ಕಾಲನ್ನು ಕುರ್ಚಿಯಡಿಗೆ ಎಳೆದುಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಬಿರಿದ ಹಿಮ್ಮಡಿ, ಕಪ್ಪಿಟ್ಟ ಚರ್ಮ, ಉಬ್ಬಿದ ನರ. ಇದನ್ನೆಲ್ಲ ಅವರು ಮಕ್ಕಳಿಗೂ ತೋರಿಸಿರುತ್ತಿರಲಿಲ್ಲ. ಸೀರೆಯ ಅಂಚು, ಪಂಚೆಯ ಅಂಚು ಬಹಳ ಸಂಗತಿಗಳನ್ನು ಮುಚ್ಚಿಡುತ್ತದೆ ಎಂದು ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ.

ಹುಲಿಕಲ್ ದಾರಿಯ ಹೋಟೆಲಿನ ಅಜ್ಜಿಯ ವಿಷಯ ಹೇಳದಿದ್ದರೆ ಮೇಡಂ ಬಗ್ಗೆ ಹೇಳಿದ ಹಾಗಾಗುವುದಿಲ್ಲ. ಘಾಟಿ ಇಳಿಯುವ ಮೊದಲು ಲಾರಿಯವರು, ಬಸ್ಸಿನವರು ನಿಲ್ಲಿಸುವ ಸಣ್ಣ ಹೋಟೆಲು ಅದು. ಗಂಡ ತೀರಿಕೊಂಡ ಮೇಲೆ ಅಜ್ಜಿಯೇ ಅದನ್ನು ನಡೆಸಿ ಮಗನನ್ನು ಬೆಳೆಸಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕಾವಲಿಯ ಮುಂದೆ ನಿಂತು ನೀರುದೋಸೆ ಹುಯ್ಯುತ್ತಿದ್ದಳು. ಮೇಡಂಗೆ ಅಡಿಗೆ ಬರುತ್ತಿರಲಿಲ್ಲ, ಆ ದೋಸೆಯ ಮೇಲೆ ಬಲು ಆಸೆ. ಕುಂದಾಪುರದ ಕಡೆ ಯಾರದೋ ಮದುವೆಗೆಂದು ನಾವಿಬ್ಬರೂ ಹೋಗುವಾಗ ಕಾರು ಅಲ್ಲಿ ನಿಲ್ಲಿಸಿದೆವು. ಕಾವಲಿಯ ಮುಂದೆ ಅಜ್ಜಿ ಇರಲಿಲ್ಲ, ಸೊಸೆ ಇದ್ದಳು. ಅಜ್ಜಿ ಎಲ್ಲಿ ಎಂದು ಮೇಡಂ ಕೇಳಿದಾಗ ಮಗ ಮೈಗೆ ಹುಷಾರಿಲ್ಲ ಎಂದು ಹೇಳಿ ಬೇರೆ ಮಾತೆತ್ತಿದ. ಮೇಡಂ ದೋಸೆಯ ತಟ್ಟೆ ಬಿಟ್ಟು ಎದ್ದರು. ಹಿಂದಿನ ಬಾಗಿಲಿನಿಂದ ಇಳಿದು ಹೋದರು. ನಾನೂ ಹಿಂದೆಯೇ ಹೋದೆ.

ಸೌದೆ ಒಟ್ಟುವ ಮಾಡಿನ ಒಂದು ಮೂಲೆಯಲ್ಲಿ ಅಜ್ಜಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಪಕ್ಕದಲ್ಲಿ ಅವಳದೇ ಒಂದು ತಟ್ಟೆ, ಒಂದು ಲೋಟ, ಒಂದು ತಂಬಿಗೆ. ನಮ್ಮನ್ನು ಕಂಡು ಸೀರೆ ಎಳೆದುಕೊಂಡಳು. ಮೇಡಂ ನೆಲದ ಮೇಲೆ ಕೂತು ಸೀರೆಯನ್ನು ಮೆಲ್ಲಗೆ ಮೇಲೆ ಸರಿಸಿದರು. ಎರಡೂ ಕಾಲು, ಪಾದದ ಗಂಟಿನಿಂದ ಮೀನಖಂಡದ ಅರ್ಧದವರೆಗೆ, ಗೇರುಬೀಜದ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಚರ್ಮ ಮರದ ತೊಗಟೆಯಂತೆ ಗಡುಸಾಗಿತ್ತು. ಎಡಗಾಲಿನ ಒಳಗಂಟಿನ ಮೇಲೆ ಅಂಗೈಯಗಲದ ಹುಣ್ಣು, ಅದರಿಂದ ನೀರು ಸೋರಿ ಹಳೇ ಬಟ್ಟೆಯೊಂದು ಒದ್ದೆಯಾಗಿತ್ತು. ಹೋಟೆಲಿಗೆ ಬಂದ ಯಾರೋ ಒಬ್ಬ ಈ ಕಾಲನ್ನು ಕಂಡು, ಇದು ಕುಷ್ಠ, ಇವಳ ಕೈಯಲ್ಲಿ ದೋಸೆ ತಿನ್ನುತ್ತೀರಾ ಎಂದು ಎಲ್ಲರೆದುರು ಹೇಳಿ ಹೋಗಿದ್ದನಂತೆ. ಸುದ್ದಿ ಹಬ್ಬಿತು. ಬಸ್ಸಿನವರು ಮುಂದಿನ ಹೋಟೆಲಿಗೆ ಹೋಗತೊಡಗಿದರು. ಮಗ ಅಮ್ಮನನ್ನು ಹಿಂದಕ್ಕೆ ಕಳಿಸಿದ. ಮನೆಯಲ್ಲಿ ಹಾಲು ಕುಡಿಯುವ ಮಗು ಇತ್ತು. ಸೊಸೆ ಹೆದರಿ ತಟ್ಟೆ ಲೋಟ ಬೇರೆ ಮಾಡಿದಳು. ಇದನ್ನೆಲ್ಲ ಅಜ್ಜಿಯೇ ಹೇಳಿದಳು, ಯಾರ ಮೇಲೂ ದೂರಿಲ್ಲದೆ. ತನಗೂ ಅದೇ ಕಾಯಿಲೆ ಎಂದು ಅವಳು ನಂಬಿಬಿಟ್ಟಿದ್ದಳು.

ಮೇಡಂ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಬೆರಳುಗಳಲ್ಲಿ ಸ್ಪರ್ಶ ಇದೆಯೇ ಎಂದು ಹತ್ತಿಯ ಎಳೆಯಿಂದ ಮುಟ್ಟಿ ನೋಡಿದರು, ಅಜ್ಜಿ ಕಣ್ಣು ಮುಚ್ಚಿಕೊಂಡೇ ಪ್ರತಿ ಬೆರಳನ್ನೂ ಸರಿಯಾಗಿ ಹೇಳಿದಳು. ನಿಲ್ಲಿಸಿ ನೋಡಿದಾಗ ತೊಡೆಯಿಂದ ಕೆಳಗೆ ನರಗಳು ಬಳ್ಳಿಯಂತೆ ಸುತ್ತಿಕೊಂಡು ಉಬ್ಬಿದವು. ಮೇಡಂ ಮಗನನ್ನೂ ಸೊಸೆಯನ್ನೂ ಅಲ್ಲಿಗೇ ಕರೆಸಿದರು. ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ.

"ನೋಡಪ್ಪ, ಇದು ಕುಷ್ಠ ಅಲ್ಲ. ಆಗಿದ್ರೂ ತಟ್ಟೆ ಬೇರೆ ಮಾಡೋ ಕೆಲಸ ಇರಲಿಲ್ಲ, ಅದಕ್ಕೆ ಮಾತ್ರೆ ಅದೆ, ವಾಸಿ ಆಗುತ್ತೆ. ಇದು ನಿಂತೂ ನಿಂತೂ ಬಂದಿದ್ದು. ಕಾಲಿಗಿಳಿದ ರಕ್ತ ಮೇಲೆ ಹತ್ತಬೇಕು. ಹತ್ತಿಸೋ ನರ ಸೋತುಹೋಗಿದೆ, ರಕ್ತ ಕೆಳಗೇ ನಿಲ್ತದೆ. ರಕ್ತದಲ್ಲಿ ಕಬ್ಬಿಣ ಇರ್ತದಲ್ಲ, ಅದು ಚರ್ಮಕ್ಕೆ ಸೋರಿ ತುಕ್ಕು ಹಿಡಿದ ಹಾಗೆ ಈ ಬಣ್ಣ. ಯಾರಿಗೂ ಅಂಟಲ್ಲ. ನಿನ್ನ ಸಾಕೋಕೆ ನಿಂತ ಕಾಲಿದು, ಅಷ್ಟೇ."

ಮಗ ತಲೆ ಎತ್ತಲಿಲ್ಲ. "ಬಣ್ಣ ಹೋಗ್ತದಾ ಡಾಕ್ಟ್ರೇ?" ಎಂದು ಕೇಳಿದ.

"ಬಣ್ಣ ಹೋಗಲ್ಲ. ಗಾಯ ಹೋಗುತ್ತೆ" ಎಂದರು ಮೇಡಂ. ಅವರು ಯಾರಿಗೂ ಇಲ್ಲದ ಭರವಸೆ ಕೊಟ್ಟವರಲ್ಲ.

ನಾವು ಮದುವೆಗೆ ಹೋಗಲಿಲ್ಲ. ಕಾರಿನಲ್ಲಿದ್ದ ಪೆಟ್ಟಿಗೆಯಿಂದ ಸಾಮಾನು ತಂದು ಗಾಯ ತೊಳೆದು, ಕಾಲ್ಬೆರಳ ಬುಡದಿಂದ ಮೊಣಕಾಲಿನವರೆಗೆ ಬಿಗಿ ಪಟ್ಟಿ ಸುತ್ತುವುದನ್ನು ಮೇಡಂ ಸೊಸೆಗೆ ಕಲಿಸಿದರು. ಸೊಸೆ ಮೊದಲು ಹಿಂಜರಿದಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ವಾರದಲ್ಲಿ ಒಂದು ದಿನ ಅಜ್ಜಿಯನ್ನು ಆಸ್ಪತ್ರೆಗೆ ತರಬೇಕು, ಮಲಗುವಾಗ ಕಾಲಿನಡಿ ದಿಂಬಿಡಬೇಕು, ಮನೆಯೊಳಗೇ ಮಲಗಿಸಬೇಕು ಎಂದಾಯಿತು. ಹೊರಡುವ ಮೊದಲು ಮೇಡಂ ಕಾಫಿ ಕೇಳಿದರು. ಸೊಸೆ ಸ್ಟೀಲಿನ ಹೊಸ ಲೋಟದಲ್ಲಿ ತಂದಳು. ಮೇಡಂ ಅಜ್ಜಿಯ ಲೋಟ ಎತ್ತಿಕೊಂಡು ಅದಕ್ಕೆ ಸುರಿದುಕೊಂಡು ಕುಡಿದರು; ಹೊಸ ಲೋಟದಲ್ಲಿ ಉಳಿದದ್ದನ್ನು ಅಜ್ಜಿಗೆ ಕೊಟ್ಟರು.

ಗಾಯ ಒಣಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ನಡುವೆ ಒಮ್ಮೆ ಕೆಟ್ಟೂ ಹೋಗಿತ್ತು. ಇನ್ನು ನಿಲ್ಲಬಾರದು ಎಂದು ಮೇಡಂ ಕಟ್ಟಪ್ಪಣೆ ಮಾಡಿದಾಗ ಅಜ್ಜಿ, ನಿಂತು ಕಲಿತ ಕೈ, ಕೂತರೆ ದೋಸೆ ಏಳುವುದಿಲ್ಲ ಎಂದು ಜಗಳಕ್ಕೇ ಬಂದಳು. ಕಡೆಗೆ ಮಗ ಒಲೆಯನ್ನು ಒಡೆಸಿ, ಕೂತು ಹುಯ್ಯುವಷ್ಟು ತಗ್ಗಾಗಿ ಕಟ್ಟಿಸಿದ. ಆ ಒಲೆ ಹೋಟೆಲಿನ ಮುಂಭಾಗದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಹಳೇ ಬಸ್ಸಿನವರಲ್ಲಿ ಕೆಲವರು ಬಂದರು, ಕೆಲವರು ಬರಲೇ ಇಲ್ಲ.

ಎಲ್ಲ ಕಾಲುಗಳೂ ಹೀಗೆ ಮುಗಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಬೀಡಿ ಸೇದುವ ಹಿರಿಯರ ಬಲಗಾಲು ನೀಲಿಗಟ್ಟಿತ್ತು. ಬಾವು ಇದೆಯಲ್ಲ ಎಂದು ಮನೆಯವರು ಬಿಗಿಯಾಗಿ ಪಟ್ಟಿ ಕಟ್ಟಿ ತಂದಿದ್ದರು. ಮೇಡಂ ಪಟ್ಟಿ ಬಿಚ್ಚಿ ಪಾದ ಮುಟ್ಟಿದರು, ತಣ್ಣಗಿತ್ತು, ನಾಡಿ ಸಿಗಲಿಲ್ಲ. ಅಲ್ಲಿಗೆ ರಕ್ತ ಹೋಗುತ್ತಲೇ ಇರಲಿಲ್ಲ. ನಿಂತ ಕಾಲಿನಲ್ಲೇ ಆಂಬುಲೆನ್ಸ್ ಹತ್ತಿಸಿ ಶಿವಮೊಗ್ಗಕ್ಕೆ ಕಳಿಸಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆ ಸಂಜೆ ಅವರು ನಮ್ಮನ್ನೆಲ್ಲ ಕೂರಿಸಿ, ನಾಡಿ ನೋಡದೆ ಯಾರ ಕಾಲಿಗೂ ಪಟ್ಟಿ ಬಿಗಿಯುವ ಹಾಗಿಲ್ಲ ಎಂದು ಹೇಳಿದರು.

ನಿವೃತ್ತರಾದ ಮೇಲೆ ಅವರು ಸಾಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ನಾನು ವರ್ಗವಾಗಿ ತೀರ್ಥಹಳ್ಳಿಗೆ ಬಂದಿದ್ದೆ. ಫೋನಿನಲ್ಲಿ ಮಾತು ನಡೆಯುತ್ತಿತ್ತು, ಹೆಚ್ಚಾಗಿ ರೋಗಿಗಳ ಬಗ್ಗೆಯೇ. ಕಳೆದ ವರ್ಷ ಒಂದು ಬೆಳಿಗ್ಗೆ ನನ್ನ ಕೋಣೆಯ ಮುಂದಿನ ಸಾಲಿನಲ್ಲಿ ಚೀಟಿ ಹಿಡಿದು ಅವರೇ ಕೂತಿದ್ದರು. ಓಡಿ ಹೋಗಿ ಕರೆದರೆ, ತಮ್ಮ ಮುಂದೆ ಇನ್ನೂ ಜನ ಇದ್ದಾರೆ ಎಂದು ಎದ್ದು ಬರಲಿಲ್ಲ. ಸರದಿ ಬಂದ ಮೇಲೆ ಒಳಗೆ ಬಂದು, ಚಪ್ಪಲಿ ಕಳಚಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕೂತರು.

"ಎಡಗಾಲು. ನಾಲ್ಕೈದು ದಿನ ಆಯ್ತು. ಪೆಟ್ಟಿಲ್ಲ, ಜ್ವರ ಇಲ್ಲ, ದೂರದ ಪ್ರಯಾಣ ಇಲ್ಲ. ಹೇಳು" ಎಂದರು, ಪರೀಕ್ಷೆಯಲ್ಲಿ ಕೇಳುವ ಹಾಗೆ.

ಕಾಲು ತೊಡೆಯವರೆಗೆ ಊದಿತ್ತು, ಬಣ್ಣ ಸ್ವಲ್ಪ ಕೆನ್ನೀಲಿಗೆ ತಿರುಗಿತ್ತು. ಎರಡೂ ಮೀನಖಂಡಗಳನ್ನು ಟೇಪಿನಿಂದ ಅಳೆದೆ. ಅಳೆಯುವ ಅಗತ್ಯವೇನೂ ಇರಲಿಲ್ಲ. ನನಗೆ ಹೊತ್ತು ಬೇಕಾಗಿತ್ತು. ಒಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ ಅನಿಸುತ್ತದೆ ಎಂದೆ. ಹೆಪ್ಪು ಕಳಚಿ ಎದೆಗೆ ಹೋದರೆ ಗತಿ ಏನು, ಹೀಗೆ ಒಬ್ಬರೇ ಬಸ್ಸು ಹತ್ತಿ ಬರುವುದೇ ಎಂದು ಗದರಿದೆ. ಒಬ್ಬಳೇ ಎಲ್ಲಿ, ಡ್ರೈವರ್ ಇದ್ದ ಎಂದರು. ನಗಲು ನನ್ನಿಂದಾಗಲಿಲ್ಲ.

"ಸರಿ, ಹೆಪ್ಪುಗಟ್ಟಿದೆ. ಯಾಕೆ?"

ನಾನು ಟೇಪು ಸುತ್ತತೊಡಗಿದೆ. ಕಾರಣವಿಲ್ಲದೆ ಈ ವಯಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಯಾವುದನ್ನು ಹುಡುಕಬೇಕೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ನನ್ನ ಮಣಿಕಟ್ಟು ಹಿಡಿದು, "ನನ್ನ ಮೇಲಿನ ಪ್ರೀತಿಗೆ ಹುಡುಕೋದು ಬಿಡಬೇಡ ಮಾರಾಯ್ತಿ" ಎಂದರು.

ಶಿವಮೊಗ್ಗದಲ್ಲಿ ಸ್ಕ್ಯಾನ್ ಆಯಿತು. ಹೆಪ್ಪು ಇತ್ತು. ರಕ್ತ ತೆಳುವಾಗುವ ಇಂಜೆಕ್ಷನ್ ಶುರುವಾಯಿತು, ಬಾವು ಇಳಿಯತೊಡಗಿತು. ಹೊಟ್ಟೆಯ ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಅದು ಆಗಲೇ ಪಿತ್ತಜನಕಾಂಗಕ್ಕೆ ಹರಡಿತ್ತು. ವರದಿಯನ್ನು ನಾನೇ ಓದಿ ಹೇಳಬೇಕೆಂದು ಅವರು ಕೇಳಿದರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ. ಅಲ್ಲಲ್ಲಿ ಹಾರಿಸಲು ನೋಡಿದೆ, ಅವರು ಬಿಡಲಿಲ್ಲ. ಕೇಳಿ ಮುಗಿಸಿ, ಹುಡುಕಿದ್ದು ಒಳ್ಳೆಯದಾಯಿತು, ಇನ್ನು ಏನು ಮಾಡಬಾರದು ಎಂದು ಗೊತ್ತಾಯಿತಲ್ಲ ಎಂದರು. ಕೀಮೋ ಬೇಡವೆಂದರು. ನಾನು ಅತ್ತೆ. ಅವರು ತಡೆಯಲಿಲ್ಲ, ಸಮಾಧಾನ ಮಾಡಲೂ ಬರಲಿಲ್ಲ.

ತುಮರಿಯಲ್ಲಿ ಅವರ ಅಣ್ಣ ಇದ್ದರು. ಗದ್ದೆ, ಸ್ವಲ್ಪ ತೋಟ, ಪಂಚಾಯ್ತಿ ಓಡಾಟ ಎಂದಿದ್ದ, ಮಾತು ಕಡಿಮೆಯ ಹಿರಿಯರು. ಅಲ್ಲಿಗೆ ಬಿಟ್ಟು ಬಾ ಎಂದು ಮೇಡಂ ಕೇಳಿದಾಗ ನಾನೇ ಕಾರು ಓಡಿಸಿಕೊಂಡು ಹೋದೆ. ಹಿಂದೆ ಹಿನ್ನೀರು ದಾಟಲು ಲಾಂಚಿಗೆ ಕಾಯುತ್ತಿದ್ದ ಜಾಗದಲ್ಲಿ ಈಗ ಸೇತುವೆ. ನೀರಿನ ಮೇಲೆ ಹೋಗುವಾಗ ಅವರು ಕಿಟಕಿ ಇಳಿಸಿದರು. ಆಚೆ ದಡ ತಲುಪಿದಾಗ, "ಎಷ್ಟು ಬೇಗ ಬಂತು" ಎಂದರು.

ಅಣ್ಣನಿಗೆ ಅವರು ಅಲ್ಲಿಯವರೆಗೆ ಕಾಲು ಬಾವು ಎಂದಷ್ಟೇ ಹೇಳಿದ್ದರು. ಯಾವ ರೋಗಿಯಿಂದಲೂ ನಿಜ ಮುಚ್ಚಿಡದವರು ತಮ್ಮ ಅಣ್ಣನ ಮುಂದೆ ಸುಳ್ಳು ಹೇಳಿದ್ದು ನನಗೆ ಆಶ್ಚರ್ಯವಾಗಿತ್ತು. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದರು, ಗಡ್ಡೆ ಎಲ್ಲಿದೆ, ಎಷ್ಟು ದಿನ ಇರಬಹುದು, ಏನು ಮಾಡಿದರೂ ಪ್ರಯೋಜನ ಯಾಕಿಲ್ಲ ಎಂದು. ಅಣ್ಣ ಎಲೆಯಡಿಕೆ ಚೀಲವನ್ನು ಬಿಚ್ಚಿ, ಏನೂ ತೆಗೆಯದೆ ಮತ್ತೆ ಕಟ್ಟಿದರು.

"ನೋವೈತಾ?" ಎಂದು ಕೇಳಿದರು.

"ಈಗಿಲ್ಲ. ಬರ್ತದೆ. ಇವಳು ಔಷಧಿ ಕೊಡ್ತಾಳೆ."

"ಹಂಗಾರೆ ಇಲ್ಲೇ ಇರು."

ಅತ್ತಿಗೆ ಒಳಗೆ ಹಾಸಿಗೆ ಹಾಸಲು ಎದ್ದರು.

ಭಾನುವಾರಗಳಲ್ಲಿ ನಾನು ಹೋಗಿ ಬರುತ್ತಿದ್ದೆ. ನೋವಿನ ಔಷಧಿ ಹೆಚ್ಚುತ್ತ ಹೋಯಿತು. ಕಡೆಕಡೆಗೆ ಎರಡೂ ಕಾಲಿಗೆ ನೀರು ತುಂಬಿತು. ಸುತ್ತಲ ಊರಿನವರು ಅವರನ್ನು ನೋಡಲು ಬಂದು, ನೋಡಿದ ಮೇಲೆ ತಮ್ಮ ಕಾಯಿಲೆಯನ್ನೂ ಒಂದಿಷ್ಟು ಹೇಳಿಕೊಂಡು ಹೋಗುತ್ತಿದ್ದರು. ಅವರು ಮಲಗಿದಲ್ಲಿಂದಲೇ ಕೇಳುತ್ತಿದ್ದರು. ಕೊನೆಯ ಭಾನುವಾರ ಅವರಿಗೆ ಹೆಚ್ಚು ಎಚ್ಚರವಿರಲಿಲ್ಲ. ನನ್ನ ಕೈ ಹಿಡಿದು ಊಟ ಆಯಿತೇ ಎಂದು ಕೇಳಿದರು. ನಾನು ಆಯಿತು ಎಂದೆ. ಮುಂದಿನ ಭಾನುವಾರ ಬರುವ ಮೊದಲೇ ಫೋನು ಬಂತು.

ನಾನು ತಲುಪುವ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಅಂಗಳದಲ್ಲಿ ಕೂತಿದ್ದರು. ಬೆಳಿಗ್ಗೆ ಮೇಡಂ ಅತ್ತಿಗೆಯ ಕೈಯಿಂದ ಎರಡು ಚಮಚ ಗಂಜಿ ಕುಡಿದು, ಸಾಕು ಎಂದು ಕೈಯಾಡಿಸಿ ಮಗ್ಗುಲಾದವರು ಹಾಗೇ ಹೋದರಂತೆ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಣ್ಣನೇ ಮಾತು ತೆಗೆದರು.

"ಸಾಗರಕ್ಕೆ ಓದಕ್ಕೆ ಹೊಂಟಾಗ ಇವಳ ಪೆಟ್ಟಿಗೆ ಹೊತ್ಕಂಡು ಲಾಂಚಿನವರೆಗೆ ಹೋಗಿದ್ದೆ. ಅಳ್ತಿದ್ಲು. ಓದು ಮುಗಿಸಿ ವಾಪಸ್ ಬರ್ತೀನಣ್ಣ ಅಂದ್ಲು. ಬರಲ್ಲ ಅಂತ ನಂಗೆ ಗೊತ್ತಿತ್ತು, ಓದಿದವರು ಯಾರು ಬರ್ತಾರೆ ಈ ದ್ವೀಪಕ್ಕೆ." ಒದ್ದೆ ಟವಲಿನಿಂದ ಮುಖ ಒರೆಸಿಕೊಂಡರು. "ಬಂದ್ಲಲ್ಲ."